ದೋಣಿಯಲ್ಲಿ ಉಳಿದವರು



ಪಾಸ್ಖ ಕಾಲದ ನಾಲ್ಕನೆಯ ಭಾನುವಾರ ಉತ್ತಮ ಕುರಿಗಾಹಿಯ ಭಾನುವಾರ. 1964ರಿಂದ ಧರ್ಮಸಭೆ ಅದನ್ನು ದೈವಕರೆಗಾಗಿ ಪ್ರಾರ್ಥಿಸುವ ದಿನವಾಗಿಯೂ ಆಚರಿಸುತ್ತಿದೆ. ಕಳೆದ ವರ್ಷ ಆ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ನಮ್ಮ ಯುವಜನರ ಕೂಟ ಧರ್ಮಕೇಂದ್ರದ ಸಭಾಂಗಣದಲ್ಲಿ ಸೇರಿತ್ತು. ತಮಿಳು, ತೆಲುಗು ಪೂಜೆಗೆ ಬರುವ ಗೆಳೆಯರೂ ಇದ್ದರು. ಗೋಡೆಗೆ ಒಂದು ದೊಡ್ಡ ಚಾರ್ಟು ಅಂಟಿಸಿ ಅದರ ಮೇಲೆ ಮೂರು ಭಾಷೆಯಲ್ಲೂ ಹೀಗೆ ಬರೆದಿದ್ದೆವು: "ನಿನ್ನ ಮನಸ್ಸು ಎಲ್ಲಿದೆಯೋ ಅಲ್ಲಿಗೆ ಹೋಗು. ದೇವರು ದಾರಿ ಮಾಡುತ್ತಾರೆ." ಬರೆದವರು ನಾವೇ, ಅದರ ಮೇಲೆ ಅರ್ಧ ಗಂಟೆ ಮಾತಾಡಿದವರೂ ನಾವೇ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾಲ್ಕು ತಿಂಗಳು ಕಳೆಯಿತು. ವೇಳಾಂಕಣ್ಣಿ ಮಾತೆಯ ನೊವೇನಾ ನಡೆಯುತ್ತಿದ್ದ ಒಂದು ಸಂಜೆ, ಜಪಮಾಲೆ ಮುಗಿಸಿ ಹೊರಗೆ ಬರುತ್ತಿದ್ದಾಗ ಒಬ್ಬ ತಾಯಿ ನಮ್ಮನ್ನು ತಡೆದು ನಿಲ್ಲಿಸಿದರು. "ನನ್ನ ಮಗಳು ಕಂಪನಿ ಕೆಲಸ ಬಿಟ್ಟು ಬಂದಿದ್ದಾಳೆ. ಹಸುಗೂಸುಗಳ ಫೋಟೊ ತೆಗೀತಾಳಂತೆ. ಕೇಳಿದ್ರೆ ದೇವರ ಕರೆ ಅಂತಾಳೆ. ನೀವೇ ಅಲ್ವಾ ಹೇಳ್ಕೊಟ್ಟಿದ್ದು? ಮನೆ ಸಾಲ ಯಾರು ಕಟ್ತಾರೆ ಅಂತ ಆ ಚಾರ್ಟಲ್ಲಿ ಬರೆದಿದ್ರಾ?"

ನಮಗೆ ಉತ್ತರ ಬರಲಿಲ್ಲ. "ಪ್ರಾರ್ಥನೆ ಮಾಡ್ತೀವಿ ಅಮ್ಮ" ಎಂದೆವು. ಪ್ರಾರ್ಥನೆ ಮಾಡಿದ್ದೂ ನಿಜ. ಆದರೆ ಆ ಮಾತನ್ನು ಆ ಹೊತ್ತಿನಲ್ಲಿ ನಾವು ಆಡಿದ್ದು ತಪ್ಪಿಸಿಕೊಳ್ಳುವುದಕ್ಕಾಗಿ ಎಂದು ಅವರಿಗೂ ತಿಳಿಯಿತು, ನಮಗೂ ತಿಳಿಯಿತು. ತಡವಾಗಿಯಾದರೂ ಅವರ ಪ್ರಶ್ನೆಗೆ ಉತ್ತರ ಕೊಡಲು ಈ ಬರಹದಲ್ಲಿ ಪ್ರಯತ್ನಿಸಿದ್ದೇವೆ. ಇದನ್ನು ಬರೆಯಲು ಆ ತಾಯಿಯೂ ಮಗಳೂ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು ಮಾತ್ರ ಬೇಡ ಎಂದಿದ್ದಾರೆ. ಹೆಸರು ಹಾಕದಿದ್ದರೂ ನಮ್ಮ ಧರ್ಮಕೇಂದ್ರದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಆ ಮಗಳನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ. ಆರು ವರ್ಷ ಅವರು ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಂಪನಿ ವಾಹನದಲ್ಲಿ ಹೋಗಿ ಬಂದರು. ಜೂಜುವಾಡಿ, ಅತ್ತಿಬೆಲೆಯ ವಾಹನ ದಟ್ಟಣೆಯಲ್ಲಿ ಕಳೆದ ಗಂಟೆಗಳನ್ನು ಲೆಕ್ಕ ಹಾಕಿದರೆ ಒಂದು ವರ್ಷವೇ ಆಗಬಹುದು ಎಂದು ನಗುತ್ತಿದ್ದರು. ಹೊರದೇಶದ ವಿಮಾ ಕಂಪನಿಯೊಂದರ ಅರ್ಜಿಗಳನ್ನು ಪರಿಶೀಲಿಸುವುದು ಅವರ ಕೆಲಸ. ಸಂಬಳ ಚೆನ್ನಾಗಿತ್ತು. ತಂದೆಗೆ ಬೆನ್ನುನೋವು ಬಂದು ಕಾರ್ಖಾನೆ ಕೆಲಸ ನಿಂತ ಮೇಲೆ ಮನೆ ನಡೆದದ್ದು, ತಮ್ಮನ ಡಿಪ್ಲೊಮಾ ಫೀಸು ಕಟ್ಟಿದ್ದು, ಮನೆಯ ಮೇಲಿನ ಸಾಲದ ಕಂತು ತಿಂಗಳು ತಿಂಗಳು ಹೋದದ್ದು, ಎಲ್ಲವೂ ಆ ಸಂಬಳದಿಂದ.

ಯಾಕೆ ಬಿಟ್ಟಿರಿ ಎಂದು ನಾವು ಕೇಳಿದೆವು. ಅವರ ಉತ್ತರ ಚಿಕ್ಕದು. "ವರ್ಷದ ಕೊನೆಯಲ್ಲಿ ಇಷ್ಟು ಸಾವಿರ ಫೈಲು ನೋಡಿದ್ದೀ ಅಂತ ಹೇಳ್ತಾರೆ. ಅದರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ." ಚಿಕ್ಕಮ್ಮನ ಮಗಳಿಗೆ ಹೆರಿಗೆಯಾದಾಗ ಸಾಲವಾಗಿ ತಂದ ಕ್ಯಾಮೆರಾದಲ್ಲಿ ಒಂಬತ್ತು ದಿನದ ಮಗುವಿನ ಫೋಟೊ ತೆಗೆದರಂತೆ. ಆ ದಿನ ಊಟ ಮರೆತು ಹೋಯಿತಂತೆ. ಅದಾದ ಮೇಲೆ ಒಂದು ವರ್ಷ ರಜೆಯ ದಿನಗಳಲ್ಲಿ ಕಲಿತರು. ನಮ್ಮ ಕೂಟಕ್ಕೆ ಬಂದು ಆ ಚಾರ್ಟು ನೋಡಿದ ಮೇಲೆ ರಾಜೀನಾಮೆ ಕೊಟ್ಟರು.

ಇಲ್ಲಿ ಮೊದಲು ಒಂದು ವಿಷಯ ಸ್ಪಷ್ಟಪಡಿಸಬೇಕು. ಕಂಪನಿ ಕೆಲಸ ಕೀಳು, ಮನಸ್ಸಿಗೆ ಹಿಡಿಸಿದ ಕೆಲಸ ಮೇಲು ಎಂದು ನಾವು ಹೇಳುತ್ತಿಲ್ಲ. ಪೋಪ್ ಎರಡನೆಯ ಜಾನ್ ಪಾಲರು 1981ರಲ್ಲಿ ಕೆಲಸದ ಬಗ್ಗೆಯೇ 'ಲಬೋರೆಮ್ ಎಕ್ಸೆರ್ಚೆನ್ಸ್' ಎಂಬ ವಿಶ್ವಪತ್ರ ಬರೆದರು. ಕೆಲಸದ ಬೆಲೆಯನ್ನು ಅಳೆಯುವಾಗ ಮೊದಲು ನೋಡಬೇಕಾದದ್ದು ಅದು ಯಾವ ಬಗೆಯ ಕೆಲಸ ಎಂಬುದನ್ನಲ್ಲ, ಅದನ್ನು ಮಾಡುತ್ತಿರುವುದು ಒಬ್ಬ ಮನುಷ್ಯ ವ್ಯಕ್ತಿ ಎಂಬುದನ್ನು. ಇದು ಆ ಪತ್ರದ ತಿರುಳು. ಹಾಗಿದ್ದರೆ ಸಿಪ್ಕಾಟ್ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುವವರು, ಪಾಲಿಹೌಸಿನಲ್ಲಿ ಗುಲಾಬಿ ಕತ್ತರಿಸುವವರು, ಕಂಪ್ಯೂಟರಿನ ಮುಂದೆ ಫೈಲು ನೋಡುವವರು, ಯಾರ ಕೆಲಸವೂ ಕಡಿಮೆಯಲ್ಲ. ಮೇ 1ರಂದು ನಾವು ಶ್ರಮಿಕರಾದ ಸಂತ ಜೋಸೆಫರ ಹಬ್ಬ ಮಾಡುತ್ತೇವೆ. ಆ ಹಬ್ಬವನ್ನು ಪೋಪ್ ಹನ್ನೆರಡನೆಯ ಪಯಸರು ಸ್ಥಾಪಿಸಿದ್ದು 1955ರಲ್ಲಿ. ಮರಗೆಲಸ ಜೋಸೆಫರಿಗೆ ಇಷ್ಟವಿತ್ತೋ ಇಲ್ಲವೋ ಶುಭಸಂದೇಶ ಹೇಳುವುದಿಲ್ಲ. ಆ ಕೆಲಸ ಮಾಡುತ್ತಾ ಅವರು ಮಾತೆ ಮರಿಯಮ್ಮನವರನ್ನೂ ಬಾಲಯೇಸುವನ್ನೂ ಕಾಪಾಡಿದರು ಎಂಬುದು ನಮಗೆ ಗೊತ್ತು.

ಆದ್ದರಿಂದ ಪ್ರಶ್ನೆ ಫೋಟೊಗ್ರಫಿ ಒಳ್ಳೆಯದೋ ಕಂಪನಿ ಒಳ್ಳೆಯದೋ ಎಂಬುದಲ್ಲ. ನಮ್ಮ ಸಂಬಳವನ್ನು ನಂಬಿಕೊಂಡು ಇನ್ನೊಬ್ಬರು ಬದುಕುತ್ತಿರುವಾಗ, ನಮಗೆ ಪ್ರಿಯವಾದ ಕೆಲಸಕ್ಕಾಗಿ ಅದನ್ನು ಬಿಡುವ ಹಕ್ಕು ನಮಗೆ ಇದೆಯೇ? ಅದಕ್ಕೆ ದೇವರ ಕರೆ ಎಂಬ ಹೆಸರು ಕೊಡಬಹುದೇ? ಇದು ಆ ತಾಯಿ ಕೇಳಿದ ಪ್ರಶ್ನೆ.

ಆ ಭಾನುವಾರ ನಾವು ಆಧಾರವಾಗಿ ಇಟ್ಟುಕೊಂಡಿದ್ದು ಯೇಸುಸ್ವಾಮಿ ಗಲಿಲೇಯ ಸರೋವರದ ದಡದಲ್ಲಿ ಬೆಸ್ತರನ್ನು ಕರೆದ ಘಟನೆಯನ್ನು. ಪೇತ್ರ, ಅಂದ್ರೆಯ ಬಲೆ ಬಿಟ್ಟರು. ಯಕೋಬ, ಯೊವಾನ್ನ ತಂದೆ ಜೆಬೆದಾಯನನ್ನು ದೋಣಿಯಲ್ಲಿ ಬಿಟ್ಟು ಹೊರಟರು. ನೋಡಿ, ಕರೆ ಬಂದಾಗ ಹಿಂದೆ ಮುಂದೆ ನೋಡಬಾರದು ಎಂದು ನಾವು ಹೇಳಿದ್ದೆವು. ಆ ತಾಯಿಯ ಮಾತು ಕೇಳಿದ ಮೇಲೆ ಮನೆಗೆ ಹೋಗಿ ಅದೇ ಘಟನೆಯನ್ನು ಮತ್ತಾಯ, ಮಾರ್ಕ, ಲೂಕ ಮೂವರ ಶುಭಸಂದೇಶದಲ್ಲೂ ಪಕ್ಕಪಕ್ಕದಲ್ಲಿಟ್ಟು ಓದಿದೆವು. ಮಾರ್ಕನ ಮೊದಲ ಅಧ್ಯಾಯದ 20ನೆಯ ವಚನದಲ್ಲಿ, ಉಳಿದ ಇಬ್ಬರೂ ಹೇಳದ ಒಂದು ಸಣ್ಣ ವಿವರ ಇದೆ. ಜೆಬೆದಾಯನ ಜೊತೆ ದೋಣಿಯಲ್ಲಿ ಕೂಲಿಯಾಳುಗಳಿದ್ದರು. ಅಂದರೆ ಮಕ್ಕಳು ಹೋದ ಮೇಲೂ ಮುದುಕ ತಂದೆ ಒಬ್ಬರೇ ಬಲೆ ಎಳೆಯಬೇಕಾಗಿರಲಿಲ್ಲ. ಇದೇ ಅಧ್ಯಾಯದಲ್ಲಿ ಕೆಲವೇ ವಚನಗಳ ನಂತರ ಯೇಸುಸ್ವಾಮಿ ಪೇತ್ರನ ಮನೆಗೆ ಹೋಗಿ ಜ್ವರದಿಂದ ಮಲಗಿದ್ದ ಅವನ ಅತ್ತೆಯನ್ನು ಕೈಹಿಡಿದು ಎಬ್ಬಿಸುತ್ತಾರೆ. ಮಗನನ್ನೋ ಅಳಿಯನನ್ನೋ ಕರೆದವರು ಮನೆಯಲ್ಲಿ ಉಳಿದವರನ್ನು ಮರೆಯಲಿಲ್ಲ. ಶಿಲುಬೆಯ ಮೇಲೆ ಪ್ರಾಣ ಹೋಗುವ ಹೊತ್ತಿನಲ್ಲೂ ಅವರು ತಮ್ಮ ತಾಯಿ ಯಾರ ಮನೆಯಲ್ಲಿ ಇರಬೇಕು ಎಂಬುದನ್ನು ಗೊತ್ತುಮಾಡಿದರು.

ಇನ್ನೊಂದು ಮಾತು ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ಅದು ನಮ್ಮನ್ನು ಹೆಚ್ಚು ಚುಚ್ಚಿತು. ತಂದೆತಾಯಿಗೆ ಕೊಡಬೇಕಾದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು ಎಂದು ಹೇಳಿಬಿಟ್ಟರೆ, ಆಮೇಲೆ ಅವರಿಗೆ ಏನೂ ಕೊಡಬೇಕಾಗಿಲ್ಲ ಎಂಬ ಪದ್ಧತಿಯನ್ನು ಫರಿಸಾಯರು ಒಪ್ಪಿಕೊಂಡಿದ್ದರು. ಯೇಸುಸ್ವಾಮಿ ಅದನ್ನು ಕಟುವಾಗಿ ಖಂಡಿಸಿದರು. ದೇವರ ಹೆಸರು ಹೇಳಿ ತಂದೆತಾಯಿಯ ಅನ್ನವನ್ನು ತಪ್ಪಿಸುವುದು ದೇವರ ಆಜ್ಞೆಯನ್ನೇ ಬರಿದು ಮಾಡಿದಂತೆ. 'ದೈವಕರೆ' ಎಂಬ ಪದವೂ ನಮ್ಮ ಬಾಯಲ್ಲಿ ಹೊಸ ಕೊರ್ಬಾನ್ ಆಗಿಬಿಡಬಹುದು. ನನಗೆ ಇಷ್ಟ ಎಂದರೆ ಮನೆಯವರು ವಾದ ಮಾಡುತ್ತಾರೆ. ದೇವರ ಇಷ್ಟ ಎಂದರೆ ಬಾಯಿ ಮುಚ್ಚುತ್ತಾರೆ. ಭಕ್ತಿಯುಳ್ಳ ಮನೆಯಲ್ಲಂತೂ ಬೇಗ ಮುಚ್ಚುತ್ತಾರೆ. ಆ ಪದವನ್ನು ಅಷ್ಟು ಸುಲಭವಾಗಿ ಚಾರ್ಟಿನ ಮೇಲೆ ಬರೆದು ಕೊಟ್ಟದ್ದು ನಮ್ಮ ಮೊದಲ ತಪ್ಪು.

ಯಾರಾದರೂ ಇದಕ್ಕೆ ಎದುರುತ್ತರ ಕೊಡಬಹುದು. ತಂದೆಯನ್ನು ಸಮಾಧಿ ಮಾಡಿ ಬರುತ್ತೇನೆ ಎಂದವನಿಗೂ ಯೇಸುಸ್ವಾಮಿ ಒಪ್ಪಲಿಲ್ಲವಲ್ಲ, ಲೂಕನ ಒಂಬತ್ತನೆಯ ಅಧ್ಯಾಯ ಓದಿಲ್ಲವೇ ಎಂದು ಕೇಳಬಹುದು. ಓದಿದ್ದೇವೆ. ಆ ವಚನವನ್ನು ಮೃದು ಮಾಡುವ ಅಧಿಕಾರ ನಮಗಿಲ್ಲ. ಆದರೆ ಅಲ್ಲಿನ ಕರೆ ದೇವರ ಸಾಮ್ರಾಜ್ಯವನ್ನು ಸಾರುವ ಕರೆ. ಒಂದು ಉದ್ಯೋಗದಿಂದ ಇನ್ನೊಂದು ಉದ್ಯೋಗಕ್ಕೆ ಹೋಗುವುದನ್ನು ಅದೇ ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ. ಇದೇ ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ, ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಎಂದೂ ಯೇಸುಸ್ವಾಮಿ ಕೇಳಿದ್ದಾರೆ. ಅವರು ಅದನ್ನು ಹೇಳಿದ್ದು ತಮ್ಮ ಶಿಷ್ಯರಾಗಬಯಸುವವರಿಗೆ. ಶಿಷ್ಯನಾಗುವವನಿಗೇ ಲೆಕ್ಕ ಬೇಕಾದರೆ ಕ್ಯಾಮೆರಾ ಕೊಳ್ಳುವವರಿಗೆ ಬೇಡವೇ?

ಹಾಗಾದರೆ ಅಕ್ಕ ಬಿಟ್ಟಿದ್ದು ತಪ್ಪೇ? ಅಷ್ಟು ಬೇಗ ತೀರ್ಪು ಕೊಡಲು ನಮಗೆ ಆಗಲಿಲ್ಲ. ಅವರು ಏನು ಮಾಡುತ್ತಾರೆ ಎಂದು ನೋಡದೆ ತೀರ್ಪು ಕೊಡುವುದೂ ಅನ್ಯಾಯ. ಅಕ್ಟೋಬರಿನ ನಮ್ಮ ಸಭೆಗೆ ಅವರನ್ನೇ ಕರೆಸಿ ಕೆಲಸ ವಿವರಿಸಲು ಕೇಳಿಕೊಂಡೆವು.

ಹಸುಗೂಸಿನ ಫೋಟೊವನ್ನು ಸಾಮಾನ್ಯವಾಗಿ ಹುಟ್ಟಿದ ಎರಡು ವಾರದೊಳಗೆ ತೆಗೆಯುತ್ತಾರೆ. ಆ ದಿನಗಳಲ್ಲಿ ಮಗು ಗಾಢವಾಗಿ ನಿದ್ರಿಸುತ್ತದೆ, ಹೊಟ್ಟೆಯೊಳಗೆ ಇದ್ದ ಹಾಗೆಯೇ ಮುದುಡಿಕೊಳ್ಳುತ್ತದೆ. ಕೋಣೆ ಬೆಚ್ಚಗಿರಬೇಕು. ಹೆರಿಗೆ ಕೋಣೆಯೇ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ನಮಗಿಂತ ಹೆಚ್ಚು, ಹಾಗಾಗಿ ಬಿಸಿ ಬೇಗ ಹೋಗುತ್ತದೆ. ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲೂ ಅದಕ್ಕೆ ಬರುವುದಿಲ್ಲ. ಅದರ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ. ಹಾಲು ಕುಡಿಯುವಾಗ ತಾಯಿಯ ಮುಖ ಇರುವ ದೂರ ಅದು. ಎದುರಿಗೆ ಕ್ಯಾಮೆರಾ ಹಿಡಿದು ನಿಂತವರು ಯಾರು ಎಂದು ಅದಕ್ಕೆ ಕಾಣುವುದೇ ಇಲ್ಲ. ಬೆನ್ನಿನ ಕೆಳಗಿನ ಆಧಾರ ತಪ್ಪಿದಂತಾದರೆ ತಟ್ಟನೆ ಎರಡೂ ಕೈ ಚಾಚುತ್ತದೆ.

ಇಷ್ಟು ಹೇಳಿ ಅಕ್ಕ ಒಂದು ಫೋಟೊ ತೋರಿಸಿದರು. ನೀವೂ ನೋಡಿರಬಹುದು. ಮಗು ಎರಡೂ ಅಂಗೈ ಮೇಲೆ ಗಲ್ಲ ಇಟ್ಟು, ಮೊಣಕೈ ಊರಿಕೊಂಡು, ಕಪ್ಪೆಯ ಹಾಗೆ ಕುಳಿತು ನಿದ್ದೆ ಮಾಡುತ್ತಿರುತ್ತದೆ. "ಯಾವ ಹಸುಗೂಸೂ ಹಾಗೆ ಕೂರೋದಿಲ್ಲ" ಎಂದರು ಅಕ್ಕ. ಅದು ಎರಡು ಫೋಟೊ ಸೇರಿಸಿ ಮಾಡಿದ್ದು. ಒಂದರಲ್ಲಿ ತಾಯಿಯೋ ಸಹಾಯಕಿಯೋ ಮಗುವಿನ ತಲೆಯನ್ನು ಮೇಲಿನಿಂದ ಹಿಡಿದಿರುತ್ತಾರೆ. ಇನ್ನೊಂದರಲ್ಲಿ ಕೈಗಳನ್ನು ಕೆಳಗಿನಿಂದ ಹಿಡಿದಿರುತ್ತಾರೆ. ಒಂದು ಕ್ಷಣವೂ ಮಗುವನ್ನು ಬಿಡುವಂತಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸಿ, ಹಿಡಿದ ಕೈಗಳನ್ನು ಅಳಿಸಿಬಿಡುತ್ತಾರೆ. ನೋಡುವವರಿಗೆ ಮಗು ತಾನೇ ಕುಳಿತಂತೆ ಕಾಣುತ್ತದೆ.

ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಕೂಟದ ಒಬ್ಬ ಹುಡುಗ ಎದ್ದು, "ಅಕ್ಕಾ, ಕೆಲಸ ಬಿಟ್ಟು ಗೆದ್ದವರ ಕಥೆಗಳೂ ಹೀಗೇ ಅಲ್ವಾ? ಹಿಡ್ಕೊಂಡ ಕೈ ಅಳಿಸಿರ್ತಾರೆ" ಎಂದ. ಯಾರನ್ನೋ ನೋಯಿಸಲು ಅವನು ಹೇಳಿದ್ದಲ್ಲ. ಆದರೂ ಅಕ್ಕನ ಮುಖ ಬಾಡಿತು. ನಮ್ಮ ಮುಖವೂ ಬಾಡಿತು. ದೊಡ್ಡ ಸಂಬಳ ಬಿಟ್ಟು ಮನಸ್ಸಿನ ಕೆಲಸ ಹಿಡಿದವರ ಕಥೆಗಳನ್ನು ನಾವು ಮೊಬೈಲಿನಲ್ಲಿ ಎಷ್ಟು ನೋಡುತ್ತೇವೆ! ಅವುಗಳಲ್ಲಿ ಆ ಒಂದು ವರ್ಷ ಕಂತು ಕಟ್ಟಿದವರು ಯಾರು, ಒಡವೆ ಅಡವಿಟ್ಟವರು ಯಾರು, ಹಬ್ಬಕ್ಕೆ ಸೀರೆ ಬೇಡ ಎಂದವರು ಯಾರು ಎಂಬುದು ಇರುವುದಿಲ್ಲ. ನಮ್ಮ ಚಾರ್ಟಿನಲ್ಲೂ ಇರಲಿಲ್ಲ. ಅಕ್ಕನ ತಾಯಿ ಆ ತಿಂಗಳುಗಳಲ್ಲಿ ತಮ್ಮ ಎರಡು ಬಳೆಗಳನ್ನು ಅಡವಿಟ್ಟಿದ್ದರು ಎಂಬುದು ನಮಗೆ ತಿಳಿದದ್ದೇ ಆ ಸಭೆಯಲ್ಲಿ. ಹೇಳಿದವರು ಅಕ್ಕನೇ.

ಕೆಲಸ ಬಿಡುವವರಿಗೆ ಮನೆಯವರು ಆಧಾರವಾಗಬಾರದು ಎಂದು ಇದರ ಅರ್ಥವಲ್ಲ. ಯಾರೂ ಆಧಾರವಿಲ್ಲದೆ ಬದುಕುವುದಿಲ್ಲ, ಬದುಕಬೇಕಾಗಿಯೂ ಇಲ್ಲ. ಆದರೆ ನಮ್ಮನ್ನು ಹಿಡಿದಿರುವ ಕೈ ಯಾರದು ಎಂದು ಹೇಳಬೇಕು. ಆ ಕೈಯನ್ನು ಮೊದಲೇ ಕೇಳಬೇಕು, ಅದಕ್ಕೆ ಸೋಲು ಬಂದರೆ ಇಳಿಸಬೇಕು. ಕೇಳಿ ಪಡೆದರೆ ಅದು ಕೊಡುಗೆ. ಕೇಳದೆ ಭಾರ ಹಾಕಿ, ಆಮೇಲೆ ದೇವರು ನಡೆಸಿದರು ಎಂದರೆ ಅದು ಆ ತಾಯಿಗೂ ಅನ್ಯಾಯ, ದೇವರಿಗೂ ಅನ್ಯಾಯ.

ಇನ್ನು ಕೆಲಸದ ಒಳಗಿನ ನೀತಿಯ ಮಾತು. ಈ ಕೆಲಸದಲ್ಲಿ ಎದುರಿಗಿರುವವರು ಬೇಡ ಎನ್ನಲಾರರು. ನೋಯುತ್ತಿದೆ ಎಂದರೆ ಅಳುವುದೊಂದೇ ದಾರಿ. ಮುದ್ದಾಗಿ ಕಾಣಲಿ ಎಂದು ರೆಕ್ಕೆ ಕಟ್ಟುವುದು, ಬುಟ್ಟಿಯಲ್ಲಿ ಮಡಚಿಡುವುದು ಯಾರ ಸಂತೋಷಕ್ಕೆ? ಅಕ್ಕ ತಮಗೆ ತಾವೇ ಕೆಲವು ನಿಯಮ ಹಾಕಿಕೊಂಡಿದ್ದಾರೆ. ಮಗು ಎರಡು ಸಲ ಅತ್ತರೆ ಆ ಭಂಗಿ ಬೇಡ. ಹಾಲಿಗೆ ಕೇಳಿದರೆ ಕ್ಯಾಮೆರಾ ಕೆಳಗೆ. ತಮಗೆ ನೆಗಡಿ, ಕೆಮ್ಮು ಇದ್ದರೆ ಆ ದಿನದ ಹಣ ಹೋದರೂ ಹೋಗುವುದಿಲ್ಲ. ನಾಯಿಕೆಮ್ಮಿನಂಥ ಕಾಯಿಲೆ ಮೊದಲ ವಾರಗಳ ಮಗುವಿನ ಪ್ರಾಣವನ್ನೇ ತೆಗೆಯಬಲ್ಲದು. ಬಾಣಂತಿ ಕೋಣೆಗೆ ಹೊರಗಿನವರು ಬರಬಾರದು, ಮಗುವಿಗೆ ಕಣ್ಣು ಬೀಳುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಕಣ್ಣಿಗೆ ಹೆದರುವುದು ನಮ್ಮ ವಿಶ್ವಾಸಕ್ಕೆ ತಕ್ಕದ್ದಲ್ಲ. ಆದರೆ ಎಳೆಯ ಮಗುವಿನ ಹತ್ತಿರ ಹೆಚ್ಚು ಜನ ಸುಳಿಯಬಾರದು ಎಂಬ ಎಚ್ಚರ ವಿಜ್ಞಾನಕ್ಕೂ ಒಪ್ಪಿಗೆಯಾದದ್ದು. ಅಜ್ಜಿಯರನ್ನು ನಕ್ಕು ತಳ್ಳಿಹಾಕುವುದು ಬೇಡ.

ಫೋಟೊವನ್ನು ಊರಿಗೆಲ್ಲ ತೋರಿಸುವ ಪ್ರಶ್ನೆಯೂ ಇದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಆದರೆ ಕಾನೂನು ಒಪ್ಪಿದ ಮಾತ್ರಕ್ಕೆ ನೀತಿಯ ಪ್ರಶ್ನೆ ಮುಗಿಯುವುದಿಲ್ಲ. ಮಗು ತಂದೆತಾಯಿಯ ಸ್ವತ್ತಲ್ಲ. ತಾಯಿಯ ಗರ್ಭದಲ್ಲಿ ಅದು ರೂಪುಗೊಳ್ಳುವುದನ್ನು ದೇವರ ಕಣ್ಣು ಮೊದಲೇ ನೋಡಿದೆ ಎನ್ನುತ್ತದೆ 139ನೆಯ ಕೀರ್ತನೆ. ಆ ನೋಟಕ್ಕೆ ಮಗುವಿನಿಂದ ಏನೂ ಬೇಕಾಗಿಲ್ಲ. ನಮ್ಮ ನೋಟಕ್ಕೆ ಲೈಕು ಬೇಕು, ಹೆಸರು ಬೇಕು, ಮುಂದಿನ ಗಿರಾಕಿ ಬೇಕು. ಎರಡಕ್ಕೂ ಇರುವ ಈ ಅಂತರ ನೆನಪಿದ್ದರೆ ಕ್ಯಾಮೆರಾ ಹಿಡಿದ ಕೈ ಸ್ವಲ್ಪ ವಿನಯದಿಂದ ಇರುತ್ತದೆ.

ಆಗಮನ ಕಾಲದಲ್ಲಿ ಒಂದು ಘಟನೆ ನಡೆಯಿತು. ನಮ್ಮ ಧರ್ಮಕೇಂದ್ರದ ಒಂದು ಕುಟುಂಬದಲ್ಲಿ ಏಳು ತಿಂಗಳಿಗೇ ಹೆರಿಗೆಯಾಯಿತು. ಮಗು ಎರಡು ದಿನ ಬದುಕಿತ್ತು. ಗುರುಗಳು ಬರುವಷ್ಟರಲ್ಲಿ ತಡವಾದೀತೆಂದು ಅಜ್ಜಿಯೇ ನೀರು ಸುರಿದು ಜ್ಞಾನಸ್ನಾನ ಕೊಟ್ಟಿದ್ದರು. ಸಾವಿನ ಅಪಾಯದಲ್ಲಿ ಸರಿಯಾದ ಉದ್ದೇಶದಿಂದ ಯಾರು ಬೇಕಾದರೂ ಕೊಡಬಹುದು ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಮಗು ತೀರಿಕೊಂಡ ಮೇಲೆ ತಂದೆ ಅಕ್ಕನಿಗೆ ಫೋನ್ ಮಾಡಿದರು. "ಒಂದು ಫೋಟೊ ಬೇಕಕ್ಕಾ. ಮುಖ ಮರೆತುಹೋಗ್ತದೆ ಅಂತ ಅವಳು ಅಳ್ತಿದ್ದಾಳೆ" ಎಂದರು.

ನಮ್ಮಲ್ಲಿ ಇಬ್ಬರು ಅಕ್ಕನ ಜೊತೆ ಹೋದೆವು. ಅಕ್ಕ ಬುಟ್ಟಿ, ರೆಕ್ಕೆ, ಬಟ್ಟೆ ಯಾವುದನ್ನೂ ತೆಗೆದುಕೊಂಡಿರಲಿಲ್ಲ. ಮಗುವನ್ನು ಸುತ್ತಿದ್ದು ತಾಯಿಯ ಹಳೆಯ ಹತ್ತಿ ಸೀರೆಯಲ್ಲಿ. ಕಿಟಕಿಯ ಬೆಳಕಿನಲ್ಲಿ ಹತ್ತು ನಿಮಿಷ. ಒಂದು ಮುಖದ ಚಿತ್ರ, ಒಂದು ಪಾದದ ಚಿತ್ರ, ಒಂದು ತಾಯಿಯ ಅಂಗೈಯಲ್ಲಿ ಮಗುವಿನ ತಲೆ. ಆ ಕೊನೆಯ ಚಿತ್ರದಲ್ಲಿ ಅಕ್ಕ ಕೈಯನ್ನು ಅಳಿಸಲಿಲ್ಲ. ಹಣ ತೆಗೆದುಕೊಳ್ಳಲಿಲ್ಲ. ತೀರಿಹೋದ ಮಗುವಿನ ಫೋಟೊ ಮನೆಯಲ್ಲಿ ಇಡಬಾರದು ಎಂದು ಹಿರಿಯರೊಬ್ಬರು ಹೇಳಿದರಂತೆ. ತಾಯಿ ಅದನ್ನು ಬೈಬಲಿನೊಳಗೆ ಇಟ್ಟುಕೊಂಡಿದ್ದಾರೆ. ಹೊರದೇಶದಲ್ಲಿ ಇದನ್ನೇ ಸೇವೆಯಾಗಿ ಮಾಡುವವರಿದ್ದಾರೆ ಎಂದು ಅಕ್ಕ ಆಮೇಲೆ ಹೇಳಿದರು. ಅಮೆರಿಕದ ಕೊಲರಾಡೊದಲ್ಲಿ 2005ರಲ್ಲಿ, ಮಗುವನ್ನು ಕಳೆದುಕೊಂಡ ಒಬ್ಬ ತಾಯಿ ಮತ್ತು ಆ ಮಗುವಿನ ಚಿತ್ರ ತೆಗೆದ ಛಾಯಾಗ್ರಾಹಕಿ ಸೇರಿ ಇದಕ್ಕಾಗಿ ಒಂದು ಸಂಸ್ಥೆ ಕಟ್ಟಿದರಂತೆ. ಸ್ವಯಂಸೇವಕರು ಹಣ ಪಡೆಯದೆ ಬಂದು ಇಂಥ ಮಕ್ಕಳ ಚಿತ್ರ ತೆಗೆದು ಕೊಡುತ್ತಾರೆ.

ಇದನ್ನು ಓದಿ, "ನೋಡಿದಿರಾ, ಅದು ನಿಜವಾಗಿಯೂ ದೇವರ ಕರೆಯೇ, ತಾಯಿ ಸುಮ್ಮನೆ ಗದ್ದಲ ಮಾಡಿದರು" ಎನ್ನಬೇಡಿ. ನಮಗೂ ಆ ದಿನ ಹಾಗೆ ಅನ್ನಿಸಿತ್ತು. ಆದರೆ ಮುಂದಿನ ವಾರವೇ ಕಂತಿನ ದಿನ ಬಂತು. ಆ ಹತ್ತು ನಿಮಿಷ ಎಷ್ಟೇ ಪವಿತ್ರವಾಗಿದ್ದರೂ ಬ್ಯಾಂಕಿನವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕೆಂದು ಕೇಳುವುದೂ ಸರಿಯಲ್ಲ. ಒಂದು ಕೆಲಸ ಒಳ್ಳೆಯದು ಎಂಬುದು ಒಂದು ಸತ್ಯ. ಅದರ ಭಾರ ಯಾರ ಮೇಲೆ ಬಿದ್ದಿದೆ ಎಂಬುದು ಇನ್ನೊಂದು ಸತ್ಯ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮುಚ್ಚಬಾರದು.

ಅಕ್ಕ ಮುಚ್ಚಲಿಲ್ಲ. ಜನವರಿಯಲ್ಲಿ ತಾಯಿ, ತಂದೆ, ತಮ್ಮ ಎಲ್ಲರನ್ನೂ ಕೂರಿಸಿಕೊಂಡು ಒಂದು ನೋಟುಪುಸ್ತಕದಲ್ಲಿ ಲೆಕ್ಕ ಬರೆದರು. ಕೆಲಸ ಬಿಡುವ ಮೊದಲೇ ಬರೆಯಬೇಕಾಗಿದ್ದ ಲೆಕ್ಕ ಅದು ಎಂದು ಅವರೇ ಒಪ್ಪುತ್ತಾರೆ. ಈಗ ಮಧ್ಯಾಹ್ನದಿಂದ ಸಂಜೆವರೆಗೆ ಹೊಸೂರಿನಲ್ಲೇ ಒಂದು ಕಾರ್ಖಾನೆಯ ಲೆಕ್ಕಪತ್ರ ನೋಡುತ್ತಾರೆ. ಆ ಸಂಬಳ ಕಂತಿಗೆ. ಬೆಳಿಗ್ಗೆಯ ಹೊತ್ತು ಮತ್ತು ಶನಿವಾರ ಹಸುಗೂಸುಗಳಿಗೆ. ಎರಡು ಬಳೆಗಳಲ್ಲಿ ಒಂದು ಬಿಡಿಸಿ ತಂದಾಗಿದೆ.

ಇದನ್ನು ಸೋಲು ಎಂದವರು ಇದ್ದಾರೆ. "ಹಾರಿ ಹೋದವಳು ಮತ್ತೆ ಗೂಡಿಗೆ ಬಂದಳು" ಎಂದು ದೇವಾಲಯದ ಮೆಟ್ಟಿಲ ಮೇಲೆಯೇ ಯಾರೋ ಅಂದದ್ದು ನಮ್ಮ ಕಿವಿಗೆ ಬಿತ್ತು. ಅವರು ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯವನ್ನು ಓದಬೇಕು. ಬಲೆ ಬಿಟ್ಟು ಹೋದ ಅದೇ ಪೇತ್ರ, ಯೇಸುಸ್ವಾಮಿ ಪುನರುತ್ಥಾನರಾದ ಮೇಲೆ, ಮೀನು ಹಿಡಿಯಲು ಹೋಗುತ್ತೇನೆ ಎಂದು ಹೊರಡುತ್ತಾನೆ. ಜೆಬೆದಾಯನ ಮಕ್ಕಳೂ ಜೊತೆಗಿರುತ್ತಾರೆ. ಬೆಳಗಾಗುವಾಗ ಯೇಸುಸ್ವಾಮಿ ದಡದಲ್ಲಿ ನಿಂತಿದ್ದಾರೆ. ಮತ್ತೆ ಬಲೆ ಯಾಕೆ ಹಿಡಿದಿರಿ ಎಂದು ಒಂದು ಮಾತೂ ಬೈಯುವುದಿಲ್ಲ. ಬಲೆಯನ್ನು ಎಲ್ಲಿ ಬೀಸಬೇಕು ಎಂದು ಹೇಳುತ್ತಾರೆ. ಕೆಂಡದ ಮೇಲೆ ಮೀನು, ರೊಟ್ಟಿ ಇಟ್ಟುಕೊಂಡು, ಬನ್ನಿ ಊಟ ಮಾಡಿ ಎಂದು ಕರೆಯುತ್ತಾರೆ. ಪೇತ್ರನಿಗೆ ನನ್ನ ಕುರಿಗಳನ್ನು ಮೇಯಿಸು ಎಂಬ ಕರೆ ಮತ್ತೆ ಸಿಕ್ಕಿದ್ದು ಆ ಊಟದ ನಂತರವೇ. ಸಂತ ಪೌಲರೂ ಕೊರಿಂಥದಲ್ಲಿ ಗುಡಾರ ಹೊಲಿದು ಜೀವನ ಮಾಡುತ್ತಲೇ ಶುಭಸಂದೇಶ ಸಾರಿದರು. ಹೊಟ್ಟೆಗಾಗಿ ದುಡಿಯುವ ಕೈಯಲ್ಲೇ ಕರೆಯ ಕೆಲಸವೂ ನಡೆಯುತ್ತದೆ. ಪೋಪ್ ಫ್ರಾನ್ಸಿಸರು 2019ರಲ್ಲಿ ಯುವಜನರಿಗಾಗಿ ಬರೆದ 'ಕ್ರಿಸ್ತುಸ್ ವಿವಿತ್' ಪತ್ರದಲ್ಲೂ ಈ ಎರಡನ್ನೂ ಒಟ್ಟಿಗೇ ಹೇಳಿದ್ದಾರೆ. ಕೆಲವೊಮ್ಮೆ ಸಿಕ್ಕಿದ ಕೆಲಸವನ್ನು ಮಾಡಬೇಕಾಗುತ್ತದೆ. ಹಾಗೆಂದು ಕನಸನ್ನು ಪೂರ್ತಿ ಹೂಳಬಾರದು.

ಆದ್ದರಿಂದ ಈಗ ನಮಗೆ ಅನ್ನಿಸುವುದು ಇಷ್ಟು. ಬಿಡುವುದೇ ಧೈರ್ಯವಲ್ಲ, ಉಳಿಯುವುದೇ ಹೇಡಿತನವಲ್ಲ. ಬಿಟ್ಟವರನ್ನು ಕೇಳಬೇಕಾದ ಪ್ರಶ್ನೆ, ನಿಮಗೆ ಇಷ್ಟವಾಯಿತೇ ಎಂಬುದಲ್ಲ. ದೋಣಿಯಲ್ಲಿ ಯಾರನ್ನು ಬಿಟ್ಟು ಬಂದಿರಿ, ಅವರ ಜೊತೆ ಬಲೆ ಎಳೆಯುವವರು ಯಾರು ಎಂಬುದು. ಈ ಪ್ರಶ್ನೆಗೆ ಉತ್ತರ ಇದ್ದರೆ ಹೊರಡಲಿ, ನಾವೇ ಬೀಳ್ಕೊಡುತ್ತೇವೆ. ಉತ್ತರ ಇಲ್ಲದಿದ್ದರೆ ನಿಲ್ಲಲಿ, ಉತ್ತರ ಹುಡುಕಲು ನಾವೂ ಜೊತೆಗೆ ಕೂರುತ್ತೇವೆ. ದೋಣಿಯಲ್ಲಿ ಕೂಲಿಯಾಳಾಗಿ ಒಂದಿಷ್ಟು ಹೊತ್ತು ಬಲೆ ಎಳೆಯುವುದು ಧರ್ಮಕೇಂದ್ರದ ಕೆಲಸವೂ ಹೌದು. ಕಳೆದ ವರ್ಷ ಚಪ್ಪಾಳೆ ತಟ್ಟಿದ ನಾವು, ಆ ನಾಲ್ಕು ತಿಂಗಳಲ್ಲಿ ಒಂದು ಸಲವಾದರೂ ಆ ಮನೆಗೆ ಹೋಗಿ ಏನಾಗುತ್ತಿದೆ ಎಂದು ವಿಚಾರಿಸಲಿಲ್ಲ. ಇದು ನಮ್ಮ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಈ ವರ್ಷದ ಉತ್ತಮ ಕುರಿಗಾಹಿಯ ಭಾನುವಾರಕ್ಕೆ ಹೊಸ ಚಾರ್ಟು ಬರೆಯುತ್ತಿದ್ದೇವೆ. ಅದರಲ್ಲಿ ಮೂರು ಭಾಷೆಯಲ್ಲೂ ಮೂರು ಪ್ರಶ್ನೆಗಳಷ್ಟೇ ಇರುತ್ತವೆ. ನಿನ್ನ ದುಡಿಮೆಯಿಂದ ಯಾರು ಊಟ ಮಾಡುತ್ತಾರೆ? ನೀನು ಹೋಗುವುದನ್ನು ಅವರಿಗೆ ಹೇಳಿದ್ದೀಯಾ, ಅವರ ಮಾತು ಕೇಳಿದ್ದೀಯಾ? ನಿನ್ನ ಹೊಸ ಕೆಲಸದಲ್ಲಿ, ಬಾಯಿಲ್ಲದವರಿಗೆ ನಿನ್ನಿಂದ ಒಳಿತಾಗುತ್ತದೆಯೇ? ಕೆಲಸ ಬಿಡಬೇಕೆಂದು, ಓದು ಬದಲಿಸಬೇಕೆಂದು, ಗುರುಮಠಕ್ಕೋ ಕನ್ಯಾಮಠಕ್ಕೋ ಸೇರಬೇಕೆಂದು ಯೋಚಿಸುತ್ತಿರುವ ಯುವಜನರು ಮನೆಯವರನ್ನೂ ಕರೆದುಕೊಂಡು ಬನ್ನಿ. ಆ ದಿನ ತಂದೆತಾಯಿಯರಿಗೂ ಕುರ್ಚಿ ಹಾಕಿರುತ್ತೇವೆ.

ಮೊದಲು ಮಾತಾಡಲು ಅಕ್ಕನ ತಾಯಿಯನ್ನು ಕೇಳಿಕೊಂಡಿದ್ದೇವೆ. "ನಾನೇನು ಮಾತಾಡ್ಲಿ? ನಂಗೆ ಲೆಕ್ಕ ಹೇಳೋದಷ್ಟೇ ಬರೋದು" ಎಂದರು.

ಅದನ್ನೇ ಹೇಳಿ ಅಮ್ಮ ಎಂದಿದ್ದೇವೆ.